ಯಂತ್ರದ ಪಾಲಿನ ಪೊಟ್ಟಣ

ಹೆಂಡತಿ ಪೇ-ರೂಳ ಕಂಪನಿ ತಯಾರಿಸುವ, ಟೆಲಿಫೋನ್ ಜಾಲದ ಸರ್ಕ್ಯೂಟ್ ಬೋರ್ಡುಗಳನ್ನು ಕೂರಿಸುವ ರ‍್ಯಾಕನ್ನು ರಾತ್ರಿ ಊಟದ ಹೊತ್ತಿಗೆ ‘ತಗಡಿನ ಡಬ್ಬಿ’ ಎಂದು ಕರೆದದ್ದೇ ವೆನ್-ತಾಂಗ್ ಮಾಡಿದ ತಪ್ಪು. ಬೆಳಿಗ್ಗೆ ಎದ್ದರೆ ಪೇ-ರೂ ಮನೆಯಲ್ಲಿರಲಿಲ್ಲ, ಒಲೆಯ ಮೇಲೆ ಗಂಜಿಯೂ ಇರಲಿಲ್ಲ.

ಶಿಂಚೂ ಊರಿನ ಯಂತ್ರ ಪರೀಕ್ಷಾ ಹಾಲ್‌ಗೆ ಅವನು ಖಾಲಿ ಹೊಟ್ಟೆಯಲ್ಲೇ ಬಂದ. ಅಲ್ಲಿ ಯಾರದೋ ರ‍್ಯಾಕಿಗೆ ಇನ್ಯಾರದೋ ಬೋರ್ಡು ಸಿಕ್ಕಿಸಿ, ಎರಡೂ ಒಂದೇ ನಿಯಮಕ್ಕೆ ಹೊಂದಿಕೊಂಡು ದುಡಿಯುತ್ತವೆಯೇ ಎಂದು ನೋಡುತ್ತಾರೆ. ಅವನ ಪುಟ್ಟ ಕಂಪನಿಯ ಬೋರ್ಡಿಗೆ ಗಂಟುಬಿದ್ದದ್ದು ಪೇ-ರೂ ಕಂಪನಿಯ ರ‍್ಯಾಕೇ. ಸಂಜೆಯೊಳಗೆ ಎರಡೂ ಒಂದಾಗದಿದ್ದರೆ ಇದ್ದೊಂದು ಆರ್ಡರು ಕೈತಪ್ಪುತ್ತದೆ, ಆಮೇಲೆ ಅವನ ಕಂಪನಿಗೆ ಬೀಗವೇ ಗತಿ.

ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಅವನ ಬೋರ್ಡು ಕೂರಬೇಕಾದ ಜಾಗದ ಮುಂದೆಯೇ ಜೋಳದ ಕುರುಕಲಿನ ಹಸಿರು ಪೊಟ್ಟಣವಿತ್ತು. ಯಂತ್ರ ಹಟ ಮಾಡದೆ ಜಾಣಮರಿಯಾಗಿರಲೆಂದು ಪ್ರತಿ ರ‍್ಯಾಕಿಗೂ ಒಂದನ್ನಿಡುವುದು ವಾಡಿಕೆ. ಅದನ್ನು ಒಡೆದು ತಿನ್ನುವುದೆಂದರೆ ದೇವರ ನೈವೇದ್ಯಕ್ಕೆ ಬಾಯಿ ಹಾಕಿದಂತೆ. ಇದು ವೆನ್-ತಾಂಗ್‌ಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಮುಕ್ಕುತ್ತ, ಇನ್ನೊಂದು ಕೈಯಲ್ಲಿ ಬೋರ್ಡು ತಳ್ಳಿ, ಅದನ್ನು ಭದ್ರಪಡಿಸುವ ಹಿಡಿಯನ್ನು ಮಡಚಿ, ಖಾಲಿ ಪೊಟ್ಟಣವನ್ನು ಜೇಬಿಗೆ ತುರುಕಿದ.

ರ‍್ಯಾಕು ಬೋರ್ಡನ್ನು ಒಪ್ಪಿಕೊಂಡರೆ ನೀಲಿ ದೀಪ ಆರಿ ಹಸಿರು ಹತ್ತಬೇಕು. ನೀಲಿ ಆರಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಸುತ್ತ ಜನ ಮುತ್ತಿದ್ದರು.

“ಸಾಫ್ಟ್‌ವೇರ್ ಮತ್ತೆ ಹಾಕಿ ನೋಡಿದ್ಯಾ?” ಎಂದ ಪಕ್ಕದ ಮೇಜಿನ ಕ್ವೋ. ಪುಕ್ಕಟೆ ಸಲಹೆ ಅವನ ಎರಡನೇ ಕಸುಬು.

“ಹಾಕಿ ಹಾಕಿ ಸಾಕಾಯ್ತು, ಕ್ವೋ ಅಣ್ಣ.”

ಹಾಲ್‌ನ ಮೇಲ್ವಿಚಾರಕಿ ಲ್ಯಾವ್ ಅಕ್ಕ ಕನ್ನಡಕ ಏರಿಸಿದಳು. “ಪೊಟ್ಟಣ ಎಲ್ಲೋ? ಬೆಳಿಗ್ಗೆ ಒಂದು ಸುತ್ತು ಬಂದಾಗ ಇಲ್ಲೇ ಇತ್ತಲ್ಲ.”

“ಇಲಿ ಎಳ್ಕೊಂಡು ಹೋಗಿರ್ಬೇಕಕ್ಕ.”

“ಅದಕ್ಕೇ ಮತ್ತೆ ದೀಪ ಮುನಿಸ್ಕೊಂಡಿರೋದು. ಓಡು, ಹೊಸದು ತಗೊಂಡ್ ಬಾ.”

ಮೂಲೆಯಂಗಡಿಯಲ್ಲಿ ಹಳದಿ ಪೊಟ್ಟಣ ಮಾತ್ರ ಇತ್ತು. ಅದನ್ನೇ ತಂದ. “ಹಳದಿ ಅಂದ್ರೆ ಎಚ್ಚರಿಕೆ ದೀಪ ಕಣಯ್ಯ, ಇಡೀ ಹಾಲ್‌ನವರನ್ನೇ ಮುಳುಗಿಸ್ತೀಯಾ?” ಎಂದು ಕ್ವೋ ಅದನ್ನು ಹೊರಗೆಸೆದು ಬಂದ. ಮುಂದಿನ ಅಂಗಡಿಯಲ್ಲಿ ಹಸಿರು ಸಿಕ್ಕಿತು, ಆದರೆ ಅದರ ಅವಧಿ ಮುಗಿದಿತ್ತು. ರೈಲು ನಿಲ್ದಾಣದವರೆಗೂ ಓಡಿ, ಬೆವರಿನಲ್ಲಿ ತೊಯ್ದು, ಕೊನೆಗೂ ತಾಜಾ ಹಸಿರು ಪೊಟ್ಟಣ ತಂದಿಟ್ಟ. ನೀಲಿ ದೀಪ ಆಗಲೂ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು.

“ರ‍್ಯಾಕಿನವರನ್ನೇ ಕರಿ,” ಎಂದಳು ಲ್ಯಾವ್ ಅಕ್ಕ. ಬೆಳಗಿನಿಂದ ಅವನು ತಪ್ಪಿಸಿಕೊಂಡು ಓಡಾಡಿದ್ದು ಇದರಿಂದಲೇ.

ಪೇ-ರೂ ಬಂದಳು. ಗಂಡನ ಮುಖ ನೋಡದೆ ಬೋರ್ಡು ಹೊರಗೆಳೆದು, ಹಿಡಿಯ ಸಂದಿಗೆ ಟಾರ್ಚು ಬಿಟ್ಟು, ಚಿಮುಟದಿಂದ ಒಂದು ಚೂರು ಹೆಕ್ಕಿ ಮೂಸಿದಳು. “ಕುರುಕಲು. ಇದು ಅಡ್ಡ ಕೂತು ಹಿಡಿ ಪೂರ್ತಿ ಮುಚ್ಚೇ ಇಲ್ಲ.” ಮತ್ತೆ ಬೋರ್ಡು ತಳ್ಳಿ ಹಿಡಿ ಒತ್ತಿದಳು. ನೀಲಿ ಆರಿ ಹಸಿರು ಹತ್ತಿತು.

“ಇಲಿ ಸಿಕ್ತು,” ಎಂದಳು ಲ್ಯಾವ್ ಅಕ್ಕ.

ವೆನ್-ತಾಂಗ್ ತಲೆ ತಗ್ಗಿಸಿದ. “ಹಸಿವಾಗಿತ್ತು, ಪೇ-ರೂ. ನಿಮ್ಮ ರ‍್ಯಾಕಿನ ಪೊಟ್ಟಣ ತಿಂದ್ಬಿಟ್ಟೆ. ಡಬ್ಬಿ ಅಂದಿದ್ದೂ ತಪ್ಪಾಯ್ತು.”

“ರ‍್ಯಾಕಿನದು ಮೇಲಿದೆ ನೋಡು.”

ಎಲ್ಲರೂ ಕತ್ತೆತ್ತಿದರು. ರ‍್ಯಾಕಿನ ನೆತ್ತಿಯ ಮೇಲೆ ಇನ್ನೊಂದು ಹಸಿರು ಪೊಟ್ಟಣ ಬೆಳಗಿನಿಂದಲೂ ಹಾಯಾಗಿ ಮಲಗಿತ್ತು.

“ಕೆಳಗಿಟ್ಟಿದ್ದು ನಿಂಗೆ. ಗಂಜಿ ಮಾಡ್ದೆ ಬಂದ್ಬಿಟ್ನಲ್ಲ, ಮನಸ್ಸು ತಡೀಲಿಲ್ಲ. ಕದ್ದಾದ್ರೂ ತಿಂತೀಯ ಅಂತ ಗೊತ್ತಿತ್ತು. ಬೋರ್ಡಿನ ಮೇಲೆ ಉದುರಿಸ್ಕೊಂಡು ತಿಂತೀಯ ಅಂತ ಗೊತ್ತಿರ್ಲಿಲ್ಲ.”

ವೆನ್-ತಾಂಗ್‌ನ ಕಣ್ಣು ತುಂಬಿ ಬಂತು. ಜೊತೆಗೇ ಹೊಟ್ಟೆ ಚುರುಗುಟ್ಟಿತು. ಊರೆಲ್ಲ ಅಲೆದು ತಂದ ಪೊಟ್ಟಣಕ್ಕೆ ಕೈ ಚಾಚಿದ. “ಹಾಗಾದ್ರೆ ಇದೂ ನಂದೇ ತಾನೇ?”

ಪೇ-ರೂ ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಬಿಡಲಿಲ್ಲ.

“ಮುಟ್ಬೇಡ,” ಎಂದಳು. “ಅದನ್ನಿಟ್ಟ ಮೇಲೇ ಅಲ್ವಾ ದೀಪ ಹತ್ತಿದ್ದು.”