ಎಡಕ್ಕೆಳೆಯುವ ಕಾರಿಗೊಂದು ಮೆಮೊ

ತಪ್ಪು ಯಾರದೆಂದು ಗೊತ್ತಾದ ಮೇಲೆ ಸಿಟ್ಟಾಗುವುದು ಯಾರಿಗಾದರೂ ಬರುತ್ತದೆ. ಗೊತ್ತಾಗುವ ಮೊದಲೇ ಸಿಟ್ಟಾಗಬೇಕಾದರೆ ಅನುಭವ ಬೇಕು. ನನಗೆ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷಗಳ ಅನುಭವವಿದೆ. ಧಾರವಾಡ ಬಿಟ್ಟಂದಿನಿಂದ ವರ್ಗವಾದಲ್ಲೆಲ್ಲ ಗಂಟುಮೂಟೆ ಹೊತ್ತು, ಹೋದಲ್ಲೆಲ್ಲ ಇನ್ನೊಬ್ಬರ ತಪ್ಪು ಹುಡುಕಿ ಮೆಮೊ ಕೊಟ್ಟವನು ನಾನು. ಅಂಥವನ ಕಾರೇ ಬ್ರೇಕು ಒತ್ತಿದಾಗಲೆಲ್ಲ ಎಡಕ್ಕೆ ಎಳೆಯತೊಡಗಿದರೆ ಸುಮ್ಮನಿರುವುದು ಹೇಗೆ?

ಕಾರು ಹಳೆಯದು, ಒಪ್ಪುತ್ತೇನೆ. ವಿಜಯವಾಡದಲ್ಲಿ ನನ್ನ ಕೈಗೆ ಬಂದಾಗಲೇ ಅದಕ್ಕೆ ಹನ್ನೊಂದು ವರ್ಷ. ಆದರೆ ಇಬ್ರಾಹಿಂಪಟ್ನಂ ರಸ್ತೆಯ ಮೆಕ್ಯಾನಿಕ್ ಮಸ್ತಾನ್ ಅದನ್ನು ಮೂರು ವರ್ಷ ನೆಟ್ಟಗೆ ಓಡಿಸಿಕೊಟ್ಟಿದ್ದ. ದಸರೆಗೆ ಮುಂಚೆ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡು ಹಾಕಿದ್ದೂ ಅವನೇ. ಆಯುಧಪೂಜೆಯ ದಿನ ಊರಿನವರೆಲ್ಲ ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಗುಡಿಯ ಕೆಳಗೆ ಗಾಡಿಗಳ ಸಾಲು ಹಚ್ಚಿದ್ದಾಗ, ನಾನು ಮಾತ್ರ ನಮ್ಮ ಕಡೆಯ ಪದ್ಧತಿಯಂತೆ ಮನೆಯಲ್ಲೇ ಪೂಜೆ ಮಾಡಿದೆ. ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಕೊನೆಗೆ ಕಾರು. ಎಲ್ಲವನ್ನೂ ಒರೆಸಿ, ಕಬ್ಬಿಣಕ್ಕೆಲ್ಲ ಎಣ್ಣೆ ಸವರಿ, ಕುಂಕುಮ ಹಚ್ಚಿದೆ. ಅಷ್ಟು ಶ್ರದ್ಧೆ ಆ ಬೀದಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಹಬ್ಬ ಮುಗಿಯುತ್ತಲೇ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಕಾರನ್ನು ಹೊರಗೆ ತೆಗೆಯಲೇ ಇಲ್ಲ.

ಹೊರಟ ದಿನ ಹೆದ್ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಒತ್ತಿದೆ. ಕಾರು ಎಮ್ಮೆಯನ್ನು ಬಿಟ್ಟು ಎಡಗಡೆಯ ಎಳನೀರಿನ ಅಂಗಡಿಯ ಕಡೆ ನಡೆಯಿತು. ಅಂಗಡಿಯವನು ಮಚ್ಚು ಬಿಸುಟು ಓಡಿದ. ಪಕ್ಕದಲ್ಲಿದ್ದ ಹೆಂಡತಿ, "ರೀ, ಎಳನೀರ ಬೇಕಾದ್ರ ಇಳದು ಕುಡಿಯೂಣು, ಗಾಡಿ ಸಮೇತ ಯಾಕ ಹೊಂಟೀರಿ?" ಅಂದಳು. ನನ್ನ ಮೈ ಉರಿದುಹೋಯಿತು. ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯ ಬಾಡಿಗೆ ಮನೆ ಮುಟ್ಟುವವರೆಗೂ ಮಸ್ತಾನನಿಗೆ ಸಹಸ್ರನಾಮ ಮಾಡಿದೆ. ಮರುದಿನದಿಂದ ಹೆಂಡತಿ, ಮಗಳನ್ನು ಆ ಕಾರಿನಲ್ಲಿ ಕೂರಿಸಲು ಖಡಾಖಂಡಿತವಾಗಿ ಒಪ್ಪಲಿಲ್ಲ. ತಾಯಿ ಮಗಳು ಆಟೋದಲ್ಲಿ ಮುಂದೆ, ಮನೆಯ ಯಜಮಾನ ಕಾರಿನಲ್ಲಿ ಒಬ್ಬನೇ ಹಿಂದೆ. ಇಂಥ ಮೆರವಣಿಗೆಯನ್ನು ಯಾವ ಗಂಡಸು ಸಹಿಸಿಯಾನು?

ವಿಶಾಖಪಟ್ಟಣದಲ್ಲಿ ಮೆಕ್ಯಾನಿಕರು ಕಡಿಮೆ, ಪಂಡಿತರು ಹೆಚ್ಚು. ಟೈರಿನ ಅಂಗಡಿಯವನು ಎಡ ಟೈರು ಸವೆದಿದೆ ಅಂದ. ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿಸಿದೆ. ಆಗಲೂ ಎಡಕ್ಕೇ ಎಳೆಯಿತು. ಇನ್ನೊಬ್ಬ ಕಂಪ್ಯೂಟರಿಗೆ ತಂತಿ ಜೋಡಿಸಿ ಚಕ್ರಗಳನ್ನು ಸಾಲಿಗೆ ತಂದ. ಚಕ್ರಗಳು ಸಾಲಿಗೆ ಬಂದವು, ಕಾರು ಬರಲಿಲ್ಲ. ಸಮುದ್ರದ ಗಾಳಿಗೆ ತುಕ್ಕು ಹಿಡಿದಿದೆ ಎಂದರು ನಮ್ಮ ಕ್ಯಾಷಿಯರ್. ಬಂದು ಹತ್ತು ದಿನಕ್ಕೆ ತುಕ್ಕೇ! ಇನ್ನೊಬ್ಬರು ಇಷ್ಟು ವರ್ಷ ಹೆಂಡತಿ ಎಡಗಡೆ ಕೂತ ಭಾರಕ್ಕೆ ಹೀಗಾಗಿರಬಹುದೆಂದರು. ಅದನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು. ಎರಡು ದಿನ ಊಟಕ್ಕೆ ತಿಳಿಸಾರೇ ಗತಿಯಾಯಿತು.

ಕೊನೆಗೆ ನನಗೆ ಬರುವ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ. ಮಸ್ತಾನನಿಗೆ ಇಂಗ್ಲಿಷಿನಲ್ಲಿ ಮೆಮೊ ಬರೆದೆ. ಮೂರು ಕಲಮು. ಕೊನೆಯ ಕಲಮಿನಲ್ಲಿ, ನಿಮ್ಮ ನಿರ್ಲಕ್ಷ್ಯದಿಂದ ಒಂದು ಕುಟುಂಬದ ಜೀವಕ್ಕೆ ಅಪಾಯವಾಗಿದೆ, ಏಳು ದಿನಗಳೊಳಗೆ ವಿವರಣೆ ಕೊಡತಕ್ಕದ್ದು ಎಂದು ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಆ ರಾತ್ರಿ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಏಳನೆಯ ದಿನ ಭಾನುವಾರ. ಬೆಳಿಗ್ಗೆ ಬಾಗಿಲು ತೆರೆದರೆ ಮಸ್ತಾನ್ ನಿಂತಿದ್ದ! ಕೈಯಲ್ಲಿ ಚೀಲ, ಜೇಬಿನಲ್ಲಿ ನನ್ನ ಮೆಮೊ. ರೈಲಿನಲ್ಲಿ ಕೂತೇ ಬಂದಿರಬೇಕು, ಕಣ್ಣುಗಳು ಕೆಂಪಾಗಿದ್ದವು. "ನನಗೆ ಓದಲಿಕ್ಕೆ ಬರೋದಿಲ್ಲ ಸಾರ್" ಎಂದ ತೆಲುಗಿನಲ್ಲಿ. "ಗಿರಾಕಿಯೊಬ್ಬರ ಕೈಲಿ ಓದಿಸಿದೆ. ಅವರು ಶೆಡ್ಡಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ತೆಲುಗಿನಲ್ಲಿ ಅರ್ಥವನ್ನೂ ಹೇಳಿಬಿಟ್ಟರು. ಮೂರು ಗಾಡಿಯವರು ಆವತ್ತೇ ಗಾಡಿ ಹೊರಗೆ ತೆಗೆದರು." ನಾನು ಗಂಟಲು ಸರಿಮಾಡಿಕೊಂಡು, ಮೊದಲು ಕಾರು ನೋಡು ಅಂದೆ.

ಅವನು ಒಂದು ಸುತ್ತು ಓಡಿಸಿ ಬಂದು ಬಲಗಡೆಯ ಚಕ್ರ ಬಿಚ್ಚತೊಡಗಿದ. ಎಳೆಯುವುದು ಎಡಕ್ಕೆ ಕಣಯ್ಯಾ ಎಂದು ಗದರಿದೆ. ಅವನು ತಲೆ ಎತ್ತಲಿಲ್ಲ. "ಎಡದ್ದು ಕೆಲಸ ಮಾಡ್ತಾ ಇದೆ ಸಾರ್. ಅದಕ್ಕೇ ಆ ಕಡೆ ಎಳೆಯುತ್ತೆ. ಕೆಲಸ ಮಾಡದೆ ಕೂತಿರೋದು ಬಲದ್ದು." ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದು ಈ ಮಾತು ನನಗೆ ಹೊಳೆಯದೆ ಹೋದದ್ದಕ್ಕೆ ಇವತ್ತಿಗೂ ಸಿಟ್ಟಿದೆ. ಪ್ಯಾಡು ಹೊರಗೆ ತೆಗೆದು ಬೆರಳಿಂದ ಉಜ್ಜಿ ಮೂಸಿದ. ನನ್ನತ್ತ ಒಮ್ಮೆ ನೋಡಿ ಮತ್ತೆ ಮೂಸಿದ. "ಸಾರ್, ಇದು ಎಳ್ಳೆಣ್ಣೆ."

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹೆಂಡತಿ, "ಪೂಜಿ ದಿನ ಗಾಲಿ ಒಳಗ ಕೈ ಹಾಕಿ ಏನ್ ಸವರಾಕ್ಹತ್ತಿದ್ರಿ ನೀವು?" ಎಂದಳು. ಹೌದು, ಸವರಿದ್ದೆ. ಒಳಗೊಂದು ಕಬ್ಬಿಣದ ತಟ್ಟೆ ಬೋಳಾಗಿ ಹೊಳೆಯುತ್ತಿತ್ತು. ಈಳಿಗೆಗೆ ಹಚ್ಚಿ ಅದಕ್ಕೆ ಹಚ್ಚದಿದ್ದರೆ ಹೇಗೆಂದು ದೀಪದ ಎಣ್ಣೆಯನ್ನೇ ಬಟ್ಟೆಯಲ್ಲಿ ಅದ್ದಿ ಧಾರಾಳವಾಗಿ ಒರೆಸಿದ್ದೆ. ಬ್ರೇಕು ಹಿಡಿಯುವುದು ಅದನ್ನೇ ಎಂದು ನನಗೆ ಯಾರು ಹೇಳಿದ್ದರು? ಎಡ ಚಕ್ರಕ್ಕೂ ಹಚ್ಚುತ್ತಿದ್ದೆ. ಆ ಪಕ್ಕ ಕಂಪೌಂಡ್ ಗೋಡೆಗೆ ಒತ್ತಿತ್ತು, ಕೈ ಹೋಗಲಿಲ್ಲ. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಸ್ತಾನ್ ತಟ್ಟೆ ಒರೆಸಿ, ತಂದಿದ್ದ ಹೊಸ ಪ್ಯಾಡು ಹಾಕಿದ. ಓಡಿಸಿ ಬ್ರೇಕು ಒತ್ತಿದರೆ ಕಾರು ಸರಳರೇಖೆಯಲ್ಲಿ ನಿಂತಿತು. ಕೈ ತೊಳೆದುಕೊಂಡು ಮೆಮೊ ತೆಗೆದ. "ವಿವರಣೆ ಕೇಳಿದ್ದೀರಿ ಸಾರ್. ನನಗೆ ಬರೆಯಲಿಕ್ಕೆ ಬರೋದಿಲ್ಲ, ನೀವೇ ಬರೆದುಕೊಡಿ. ತೆಲುಗಿನಲ್ಲಿ. ಶೆಡ್ಡಿನಲ್ಲಿ ಓದಿಸಬೇಕು."

ನನಗೆ ತೆಲುಗು ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಕನ್ನಡಕ್ಕಿಂತ ತೆಲುಗನ್ನೇ ಚೆನ್ನಾಗಿ ಬರೆಯುವ ಮಗಳನ್ನು ಕೂರಿಸಿದೆ. ಮೆಕ್ಯಾನಿಕನದು ಏನೂ ತಪ್ಪಿಲ್ಲ, ತಪ್ಪೆಲ್ಲ ನನ್ನದು ಎಂದು ಹೇಳಿಬರೆಸಿದೆ. ಅವಳು ನಾನು ಹೇಳಿದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಬರೆದಳು. ಹುದ್ದೆ ಸಮೇತ ಸಹಿ ಹಾಕಿಕೊಟ್ಟೆ. ಮಸ್ತಾನ್ ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋದ.

ಮುಂದಿನ ತಿಂಗಳು ನಮ್ಮ ಕ್ಯಾಷಿಯರ್ ವಿಜಯವಾಡಕ್ಕೆ ಹೋಗಿ, ಮಸ್ತಾನನ ಶೆಡ್ಡನ್ನೂ ನೋಡಿ ಬಂದವರೇ ಬ್ಯಾಂಕಿನ ನಡುವೆ ನಿಂತು, "ನಿಮ್ಮ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ ಸಾರ್. ಕೊನೆಯ ಸಾಲು ಬಹಳ ಚೆನ್ನಾಗಿದೆ" ಎಂದರು. ಯಾವ ಸಾಲೆಂದು ಕೇಳಿದೆ. "ಗೋಡೆ ಅಡ್ಡವಿದ್ದದ್ದಕ್ಕೆ ನಾವು ಮೂವರೂ ಬದುಕಿದೆವು. ಇಲ್ಲದಿದ್ದರೆ ನಮ್ಮಪ್ಪ ಎಡ ಚಕ್ರಕ್ಕೂ ಪೂಜೆ ಮಾಡುತ್ತಿದ್ದರು."

ಮಗಳಿಗೊಂದು ಮೆಮೊ ಕೊಟ್ಟೇ ತೀರಬೇಕೆಂದು ಆ ಸಂಜೆ ಹಲ್ಲು ಕಚ್ಚಿ ಬರೆಯಲು ಕೂತೆ. ಓದದೆ ಸಹಿ ಹಾಕಿದ್ದಕ್ಕೆ ಎಷ್ಟೋ ಗುಮಾಸ್ತರಿಂದ ವಿವರಣೆ ಕೇಳಿದವನು ನಾನು. ಎರಡನೆಯ ಕಲಮಿಗೆ ಬರುವಷ್ಟರಲ್ಲಿ ಸಹಿ ಯಾರದೆಂಬುದು ನೆನಪಾಯಿತು. ಪೆನ್ನು ಅಲ್ಲೇ ನಿಂತಿತು, ಯಾವ ಕಡೆಗೂ ಎಳೆಯದೆ.