ಮೂವರಿಗೊಂದು ರೇಜರ್

ಗಂಡಸು ಕನ್ನಡಿ ಮುಂದೆ ನಿಂತನೆಂದರೆ ನೆರೆಯವರಿಗೆ ಒಂದು ವಾರಕ್ಕಾಗುವಷ್ಟು ಮಾತು ಸಿಕ್ಕಿತೆಂದೇ ಅರ್ಥ. ಇಂಥವು ಆಗುತ್ತಲೇ ಇರುತ್ತವೆ. ಐವತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ವಠಾರದ ಕೋಣೆಯೊಂದರಲ್ಲಿ ನಾವು ಮೂವರು ಬ್ರಹ್ಮಚಾರಿಗಳು. ಒಬ್ಬ ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ಟರ್ನರ್. ದಿನಾ ರೈಲಿನಲ್ಲಿ ಹೋಗಿ ಬರುವವನು. ಇನ್ನೊಬ್ಬ ಹಗಲು ಮಂಡಿಯಲ್ಲಿ ಚೀಲ ತೂಗಿ, ಸಂಜೆ ಗರಡಿಯಲ್ಲಿ ಜನರನ್ನು ಎತ್ತಿ ಒಗೆಯುವ ಪೈಲ್ವಾನ. ಮೂರನೆಯವನು ನಾನು, ಎತ್ತಲೂ ಇಲ್ಲ, ಒಗೆಯಲೂ ಇಲ್ಲ, ನೋಡುತ್ತಿದ್ದೆ.

ಭಾನುವಾರ ಕ್ಷೌರದಂಗಡಿಯ ಬೆಂಚಿನ ಮೇಲೆ ಪಾಳಿ ಕಾದು ಸಾಕಾಗಿ, ಮೂವರೂ ಸೇರಿ ಒಂದು ಸೇಫ್ಟಿ ರೇಜರ್ ಕೊಳ್ಳುವುದೆಂದು ತೀರ್ಮಾನಿಸಿದೆವು. ಮುಂದಿನದಕ್ಕೆಲ್ಲ ಆ ತೀರ್ಮಾನವೇ ಮೂಲ.

೧. ಕೈ ನೋಡಿ ಕೊಂಡದ್ದು

ಮಂಡಿಪೇಟೆಯ ಅಂಗಡಿಯವನು ಗಾಜಿನ ಪೆಟ್ಟಿಗೆಯ ಮೇಲೆ ನಾಲ್ಕಾರು ರೇಜರ್ ಹರವಿದ. ನಾನು ಹೆಚ್ಚು ಹೊಳೆಯುವುದನ್ನು ತೋರಿಸಿದೆ. ಟರ್ನರ್ ನನ್ನ ಕೈ ಸರಿಸಿದ. ದಿನವಿಡೀ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಲ್ಲುವ ಮನುಷ್ಯ. ಹೊಳಪು ನೋಡಿ ಸಾಮಾನು ಕೊಳ್ಳುವವರನ್ನು ಕಂಡರೆ ಅವನಿಗಾಗದು. ಒಂದೊಂದನ್ನೂ ಬಿಚ್ಚಿದ, ಒಂದು ಕಣ್ಣು ಮುಚ್ಚಿ ನೋಡಿದ.

"ಇದರ ತಿರುಪು ಸಡ್ಲ ಐತೆ."

"ಸಾಮೇರ, ಇದು ಗಡ್ಡ ಕೆರಿಯಾಕ ರೀ, ಬಾವಿ ತೋಡಾಕಲ್ಲ" ಎಂದ ಅಂಗಡಿಯವನು.

"ಬ್ಲೇಡ್ ಹಾಕಿ ಕೊಡ್ರಿ, ನೋಡಾಣ."

ನೋಡುವುದೆಲ್ಲಿ? ಪಕ್ಕದಲ್ಲಿ ಪೈಲ್ವಾನನಿದ್ದ. ಅವನ ಕೈಮೇಲೆ ಕರಡಿಗೂ ಹೊಟ್ಟೆಕಿಚ್ಚಾಗುವಷ್ಟು ಕೂದಲಿತ್ತು. ಮೊದಲನೆಯ ರೇಜರ್ ಮಣಿಕಟ್ಟಿನಲ್ಲಿ ಆಯಿತು, ಎರಡನೆಯದು ಅದರ ಮೇಲೆ, ಹೀಗೇ ಏರುತ್ತಾ ಟರ್ನರಿಗೆ ಒಪ್ಪಿಗೆಯಾದ ರೇಜರ್ ಸಿಕ್ಕಾಗ ಮೊಣಕೈ ದಾಟಿತ್ತು. ಪೈಲ್ವಾನನ ಬಲಗೈ ಮದುವಣಗಿತ್ತಿಯದಾಗಿತ್ತು, ಎಡಗೈ ಅವನದೇ ಇತ್ತು. ಅವನು ಎರಡನ್ನೂ ಮುಂದೆ ಚಾಚಿ ಅಂಗಡಿಯವನ ಮುಖ ನೋಡಿದ.

"ನನ್ನ ಮುಖ ಯಾಕ ನೋಡ್ತೀರಿ?" ಎಂದ ಅಂಗಡಿಯವನು. "ಎಡಗೈಗೆ ಮುಂದಿನ ಅಂಗಡಿಗೆ ಹೋಗ್ರಿ!"

೨. ಬುಧವಾರದ ಕುಸ್ತಿ

ಅವತ್ತು ಸಂಜೆ ಗರಡಿಯಲ್ಲಿ ಉಸ್ತಾದರು ಪೈಲ್ವಾನನ ಬಲಗೈ ಹಿಡಿಯಹೋದರೆ ಕೈ ಜಾರಿತಂತೆ. ಎಡಗೈ ಹಿಡಿದರೆ ಸಿಕ್ಕಿತಂತೆ. ಉಸ್ತಾದರು ಯೋಚನೆ ಮಾಡಿ, "ಭಾನುವಾರ ಹರಿಹರದ ಜಟ್ಟಿ ಬರ್ತಾನೆ. ಅಷ್ಟರಾಗ ಮೈಯೆಲ್ಲ ಬಲಗೈ ಮಾಡ್ಕೊಂಡು ಬಾ" ಎಂದರು.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಎದೆ, ಹೊಟ್ಟೆ ಅವನೇ ಮುಗಿಸಿದ. ಬೆನ್ನು ನಮ್ಮ ಪಾಲಿಗೆ ಬಂತು. ಟರ್ನರ್ ಬೆನ್ನಿನ ನಡುವೆ ಸೀಮೆಸುಣ್ಣದಲ್ಲಿ ನೆಟ್ಟಗೊಂದು ಗೆರೆ ಎಳೆದು, ಎಡಭಾಗ ನನಗೂ ಬಲಭಾಗ ತನಗೂ ಎಂದು ಹಂಚಿದ. ಬೆನ್ನು ಮುಗಿಯುವ ಹೊತ್ತಿಗೆ ಬ್ಲೇಡು ಬೆಣ್ಣೆ ಕತ್ತರಿಸಲೂ ಒಲ್ಲೆ ಎನ್ನುತ್ತಿತ್ತು.

ಮಧ್ಯಾಹ್ನ ಮಳೆ ಹೊಡೆದು ಅಖಾಡ ಕೆಸರಾಯಿತು. ಕುಸ್ತಿ ಬುಧವಾರಕ್ಕೆ ಹೋಯಿತು. ಕೂದಲು ಮಾತ್ರ ಬುಧವಾರದ ತನಕ ಕಾಯಲಿಲ್ಲ. ಮಂಗಳವಾರವೇ ಪೈಲ್ವಾನನ ಮೈತುಂಬ ಮುಳ್ಳಿನಂತೆ ಮೊಳೆತು ನಿಂತಿತು. ಮತ್ತೆ ಕೆರೆಯೋಣವೆಂದರೆ ಬ್ಲೇಡು ಸತ್ತಿತ್ತು.

ಬುಧವಾರ ಹರಿಹರದ ಜಟ್ಟಿ ಬಂದವನೇ ಪೈಲ್ವಾನನನ್ನು ಎದೆಗೆ ಎದೆ ಕೊಟ್ಟು ತಬ್ಬಿದ. ತಬ್ಬಿದಷ್ಟೇ ಬೇಗ ಬಿಟ್ಟ. ಮತ್ತೆ ತಬ್ಬಿದ, "ಅಯ್ಯಯ್ಯೋ" ಎಂದು ಮತ್ತೆ ಬಿಟ್ಟ. ಮೂರನೆಯ ಸಲ ತಬ್ಬಲೋ ಬೇಡವೋ ಎಂದು ಅವನು ನಿಂತು ಯೋಚಿಸುವಾಗ ಪೈಲ್ವಾನ ಅವನ ಕಾಲೆಳೆದು ಚಿತ್ ಮಾಡಿದ. ಜಟ್ಟಿ ಕೆಂಪಾದ ಎದೆ ಉಜ್ಜಿಕೊಳ್ಳುತ್ತಾ, "ಸೋತದ್ದಕ್ಕೆ ಬ್ಯಾಸರಿಲ್ಲ ರೀ, ಜಾಲಿಮುಳ್ಳಿನ ಕಂಟಿ ಜತಿ ಯಾಕ ಕುಸ್ತಿ ಹಿಡಿಸಿದ್ರಿ?" ಎಂದ.

ಉಸ್ತಾದರು ಅಂದಿನಿಂದ ಶಿಷ್ಯರಿಗೆಲ್ಲ ಹೇಳತೊಡಗಿದರು: "ಭಾನುವಾರ ಕೆರೀರಿ, ಬುಧವಾರ ಹಿಡೀರಿ. ಹಿರೇರು ಸುಮ್ಮನೆ ಹೇಳಿಲ್ಲ." ಯಾವ ಹಿರಿಯರು ಹೇಳಿದ್ದರೋ ನನಗಂತೂ ಗೊತ್ತಿಲ್ಲ.

೩. ಅಜ್ಜಿಯ ಲೋಟ

ಸತ್ತ ಬ್ಲೇಡನ್ನು ಬದುಕಿಸುವುದಕ್ಕೆ ಆಗ ಒಂದು ಉಪಾಯವಿತ್ತು. ಗಾಜಿನ ಲೋಟದ ಒಳಗೋಡೆಗೆ ಬ್ಲೇಡನ್ನು ಬೆರಳಲ್ಲಿ ಒತ್ತಿ ಹಿಂದೆ ಮುಂದೆ ತಿಕ್ಕಿದರೆ ಅಂಚು ಮತ್ತೆ ಹರಿತವಾಗುತ್ತಿತ್ತು. ನಮ್ಮಲ್ಲಿ ಇದ್ದವೆಲ್ಲ ಹಿತ್ತಾಳೆ ಲೋಟ. ಗಾಜಿನದು ಇದ್ದದ್ದು ವಠಾರದ ಒಡತಿ ಅಜ್ಜಿಯ ಬಳಿ, ಅದೂ ಒಂದೇ. ಅಜ್ಜಿಯೋ ಮಹಾ ಮಡಿ. ಕ್ಷೌರ ಮಾಡಿಕೊಂಡವನು ಮೀಯದೆ ಅವರ ಬಾವಿಯ ಹಗ್ಗ ಮುಟ್ಟಿದರೆ ಹಗ್ಗಕ್ಕೂ ಸ್ನಾನ ಆಗಬೇಕು. ಟರ್ನರ್ ನೀರು ಕುಡಿಯಲೆಂದು ಹೇಳಿ ಲೋಟ ತಂದ.

ಅವನು ಕಿರ್‌ಕಿರ್ ಎಂದು ತಿಕ್ಕುತ್ತಿರುವಾಗ ಬಾಗಿಲಲ್ಲಿ ಅಜ್ಜಿ! ಕೋಣೆ ಖಾಲಿ ಮಾಡಿಸುತ್ತಾರೆಂದು ನಾನು ಮನಸ್ಸಿನಲ್ಲೇ ಹಾಸಿಗೆ ಸುತ್ತಿದೆ. ಟರ್ನರ್ ಬ್ಲೇಡನ್ನು ಪೈಲ್ವಾನನ ಕೈಗೆ ತಾಗಿಸಿದ. ಕೂದಲು ನೀಟಾಗಿ ಉದುರಿತು. ಅಜ್ಜಿ ಅದನ್ನು ಬಗ್ಗಿ ನೋಡಿದರು. ಒಳಗೆ ಹೋಗಿ ಈಳಿಗೆಮಣೆ ಹೊತ್ತು ತಂದು ಟರ್ನರ್ ಮುಂದಿಟ್ಟರು.

"ಬದನೆಕಾಯಿ ಹೆಚ್ಚಾಕೆ ಬರವಲ್ದು. ಇದನ್ನೂ ಹಂಗೇ ತಿಕ್ಕಿ ಕೊಡಪ್ಪ."

"ಅಜ್ಜೀ, ಇದು ಲೋಟದಾಗ ಹಿಡಿಯಂಗಿಲ್ಲ."

"ಹಿಡೀದಿದ್ರೆ ನೀರಿನ ಕೊಡ ತಂದ್ಕೊಡ್ತೀನಿ, ಅದಕ್ಯಾಕ ಹೆದರ್ತಿ?" ಎಂದರು ಅಜ್ಜಿ.

೪. ಎರಡೂ ಕಡೆ ಸಮ

ಟರ್ನರಿಗೆ ಹರಿಹರದ ಒಂದು ಹುಡುಗಿಯ ಸಂಬಂಧದ ಮಾತು ಶುರುವಾಗಿ ತಿಂಗಳುಗಳೇ ಕಳೆದಿದ್ದವು. ಇವನಿಗೆ ಅವಳೆಂದರೆ ಪ್ರಾಣ. ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ತಂದೆಯಿಲ್ಲದ ಅವಳನ್ನು ಸಾಕಿದ ಸೋದರಮಾವ ಮಾತ್ರ ಒಪ್ಪಿಗೆ ಕೊಡಲೊಲ್ಲ. "ಹುಡುಗ ಚಿನ್ನ ರೀ. ಆದ್ರೆ ಅವರಪ್ಪ ಬೆಂಕಿ" ಎನ್ನುತ್ತಿದ್ದ. ಅದೇನು ಸುಳ್ಳಲ್ಲ. ಬಾತಿಯಲ್ಲಿ ಹೊಲ ಮಾಡಿಕೊಂಡಿದ್ದ ಆ ಅಪ್ಪ ಯಾರ ಮದುವೆಗೆ ಹೋದರೂ ಸಾರಿಗೆ ಉಪ್ಪು ಕಡಿಮೆಯೆಂದು ಜಗಳ ತೆಗೆದು, ಉಣ್ಣದೆ ಎದ್ದು ಬರುವವರು.

ಕೊನೆಗೊಂದು ಭಾನುವಾರ ಕಡೆಯ ಮಾತಿಗೆ ಬನ್ನಿರೆಂದು ಸೋದರಮಾವ ಹೇಳಿಕಳಿಸಿದ. ಅಪ್ಪ ಬಾತಿಯಿಂದ ಬಸ್ಸಿನಲ್ಲಿ, ಟರ್ನರ್ ನನ್ನ ಜೊತೆ ರೈಲಿನಲ್ಲಿ ಬರುವುದೆಂದಾಯಿತು.

ಬೆಳಿಗ್ಗೆ ಟರ್ನರ್ ಲೋಟದಲ್ಲಿ ತಿಕ್ಕಿದ ಬ್ಲೇಡು ಹಾಕಿ ಕನ್ನಡಿ ಮುಂದೆ ಕೂತ. ಕಾರ್ಖಾನೆಯಲ್ಲಿ ಕಬ್ಬಿಣ ಅಳೆಯುವ ತನ್ನ ಕ್ಯಾಲಿಪರ್ ತೆಗೆದು ಮೀಸೆ ಅಳೆದ. "ಎಡಕ್ಕೆ ಒಂದು ನೂಲು ಹೆಚ್ಚೈತೆ" ಎಂದು ಎಡಕ್ಕೆ ತೆಗೆದ. ಈಗ ಬಲಕ್ಕೆ ಹೆಚ್ಚಾಯಿತು. ಬಲಕ್ಕೆ ತೆಗೆದ. ಕಣ್ಣಳತೆಯಲ್ಲಿ ಬಿಟ್ಟಿದ್ದರೆ ಬಚಾವಾಗುತ್ತಿದ್ದ. ಕೈಯಲ್ಲಿ ಕ್ಯಾಲಿಪರ್ ಇದ್ದವನಿಗೆ ಆ ಭಾಗ್ಯವಿಲ್ಲ. ಕೊನೆಗೆ ಎರಡೂ ಕಡೆ ಸಮವಾಯಿತು. ಎರಡೂ ಕಡೆ ಏನೂ ಇರಲಿಲ್ಲ.

ಅವನು ಕನ್ನಡಿ ಬೋರಲು ಹಾಕಿದ. ಅವರ ಕಡೆ ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಯುವಂತಿಲ್ಲ; ಅಪ್ಪ ತೀರಿಕೊಂಡಾಗಲೇ ಅದಕ್ಕೆ ಕತ್ತಿ ತಾಗುವುದು. ಹೋಗದಿದ್ದರೆ ಹುಡುಗಿ ಹೋಗುತ್ತಾಳೆ, ಹೋದರೆ ಮಾನ ಹೋಗುತ್ತದೆ. "ವಸ್ತ್ರ ಅಡ್ಡ ಹಿಡ್ಕೋ, ಹಲ್ಲುನೋವು ಅಂದ್ರಾತು" ಎಂದು ನಾನೇ ಹೊರಡಿಸಿದೆ.

ರೈಲಿನಲ್ಲಿ ಎಂಜಿನ್ನಿನ ಕಲ್ಲಿದ್ದಲ ಕಿಡಿ ಹಾರಿ ಅವನ ಕಣ್ಣಿಗೆ ಬಿತ್ತು. ಹರಿಹರದಲ್ಲಿ ಇಳಿದವನೇ ಹೊಳೆಗೆ ಹೋಗಿ ಮುಳುಗು ಹಾಕಿ ಕಣ್ಣು ತೊಳೆದುಕೊಂಡ. ಒದ್ದೆ ತಲೆ, ಕೆಂಪು ಕಣ್ಣು, ಮೀಸೆಯಿಲ್ಲದ ಮುಖ, ಬಾಯಿಗಷ್ಟೇ ಜಾರಿದ ವಸ್ತ್ರ. ಹೀಗೆ ಹೊಳೆಯ ಮೆಟ್ಟಿಲು ಹತ್ತಿ ಬರುವಾಗ ಎದುರಿಗೆ ಸೋದರಮಾವ. ಸತ್ತವರ ಕರ್ಮ ಮುಗಿಸಿ ಆ ಮೆಟ್ಟಿಲು ಹತ್ತುವವರನ್ನು ದಿನಾ ನೋಡುವ ಊರು ಅದು. ಅವನು ಹೋ ಎಂದು ಬಂದು ತಬ್ಬಿಕೊಂಡ.

"ಅಳಬ್ಯಾಡ ತಮ್ಮಾ! ನಿಮ್ಮಪ್ಪ ಪುಣ್ಯವಂತ!"

ಟರ್ನರ್ ಏನೋ ಹೇಳಹೋದ. ವಸ್ತ್ರದೊಳಗಿನ ಮಾತು ಬಿಕ್ಕಿದಂತೆಯೇ ಕೇಳಿಸಿತು. ಸೋದರಮಾವ ಅವನನ್ನು ತೋಳು ಹಿಡಿದು ಮನೆಗೆ ಕರೆದೊಯ್ದ. ಹುಡುಗಿಯ ತಾಯಿ ಅಳತೊಡಗಿದಳು. ಇನ್ನು ಹೇಳಿಯೇ ಬಿಡಬೇಕೆಂದು ಟರ್ನರ್ ವಸ್ತ್ರ ಅರ್ಧ ಇಳಿಸಿದ. ಅಷ್ಟರಲ್ಲಿ ಸೋದರಮಾವ ಎಂದ:

"ಹುಡುಗನ್ನ ಒಂಟಿ ಬಿಡಾದು ಬ್ಯಾಡ. ವರ್ಷದೊಳಗ ಮದುವಿ ಮಾಡಿಬಿಡಾಣ. ಹೆಣ್ಣು ಕೊಟ್ಟೆ, ಇದು ನನ್ನ ಮಾತು. ನಮಗ ಅಡ್ಡಿ ಇದ್ದದ್ದು ಒಂದೇ. ಅದೂ ಈಗ ದೇವರ ಪಾದ ಸೇರ್ತು."

ಅರ್ಧ ಇಳಿದಿದ್ದ ವಸ್ತ್ರ ಮತ್ತೆ ಬಾಯಿಗೆ ಹೋಯಿತು.

"ಯಾರು ಹೋದ್ರು ರೀ?" ಎಂದು ಬಾಗಿಲಿಂದ ದನಿ ಬಂತು. ಹೊಸ್ತಿಲಲ್ಲಿ ಬಾತಿಯ ಅಪ್ಪ, ಹುರಿಮೀಸೆ ಸಮೇತ. ಅವರು ಅಳುವವರನ್ನು ನೋಡಿದರು, ಮಗನ ಮೂಗಿನ ಕೆಳಗೆ ನೋಡಿದರು. ಬಾಗಿಲಲ್ಲೇ ಕೇಳಿಸಿಕೊಂಡಿದ್ದ ಸೋದರಮಾವನ ಮಾತಿಗೆ ಈಗ ಅರ್ಥ ಸಿಕ್ಕಿತು. ಸೋದರಮಾವ ಎದ್ದು, "ಬರ್ರಿ... ಕೂಡ್ರಿ..." ಎಂದು ತೊದಲಿದ.

"ಕೂಡ್ತೀನಿ" ಎಂದರು ಅಪ್ಪ. "ಯಜಮಾನ್ರ, ಕೊಟ್ಟ ಮಾತು ತಿರುಗಿ ತಗೋಬ್ಯಾಡ್ರಿ. ಮದುವಿ ಮುಗಿಯೋ ತನಕ ನಾ ಸತ್ತೀನಿ ಅಂತ್ಲೇ ತಿಳ್ಕೊಳ್ರಿ. ಬಾಯಿ ಬಿಟ್ರೆ ಕೇಳ್ರಿ."

ಮದುವೆಯ ದಿನ ಅಡಿಗೆಯವರು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಚಪ್ಪರವೆಲ್ಲ ಅಪ್ಪನ ಮುಖ ನೋಡಿತು. ಅವರು ಕಣ್ಣಲ್ಲಿ ನೀರು ತಂದುಕೊಂಡು ಪೂರ್ತಿ ಉಂಡರು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ಭಾನುವಾರ ಹುಡುಗಿ ಅಡಿಗೆಮನೆಯಿಂದ ಇಣುಕಿದ್ದಳು. ಅವಳಿಗೆ ಮೀಸೆಯಿಲ್ಲದ ಮುಖವೇ ಇಷ್ಟವಾಗಿಬಿಟ್ಟಿತ್ತು. ಹೆಂಡತಿಯ ಮಾತು ಮೀರಲಾರದೆ ಟರ್ನರ್ ಮೀಸೆ ಬಿಡಲೇ ಇಲ್ಲ. ಅವನು ಬಾತಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಗೋಳಾಡುತ್ತಾ ಮನೆಗೆ ಬರುತ್ತಿದ್ದರು. ಕೊನೆಗೆ ಅಪ್ಪನೇ ದಾರಿ ಕಂಡುಕೊಂಡರು. ಮಗ ಬರುವ ದಿನ ಬಸ್ಸಿಗೇ ಹೋಗಿ ಕಾದು, ಮೀಸೆ ತಿರುವುತ್ತಾ ಅವನ ಮುಂದೆ ಮುಂದೆ ಬೀದಿಯುದ್ದಕ್ಕೂ ಕೂಗಿಕೊಂಡು ನಡೆಯುತ್ತಿದ್ದರು:

"ನಾ ಇದೀನ್ರಪ್ಪೋ! ಹೋಗಿದ್ದು ಇವನ ಮೀಸೆ ಅಷ್ಟೇ!"