ಗುಡ್ಡೆ ಮಗುಚಿದ್ದು ಯಾರು?

ನೆವಿಲ್ ಪರ್ಸೆಲ್‌ನ ಗೊಬ್ಬರದ ಗುಡ್ಡೆ ಬಿಸಿಯಾಗಲೊಲ್ಲದು ಎಂಬುದೇ ಎಲ್ಲ ರಾದ್ಧಾಂತಕ್ಕೂ ಮೂಲ. ಹೋಬಾರ್ಟಿನ ಚಳಿ ಸಾಕೆಂದು, ನಿವೃತ್ತನಾದ ಮೇಲೆ ಬ್ರಿಸ್ಬೇನಿಗೆ ಬಂದವನು ಟೊಮೇಟೊ ಬೆಳೆಯುವ ಉಮೇದಿನಲ್ಲಿ ಬಡಾವಣೆಯ ಕಾಂಪೋಸ್ಟ್ ತರಗತಿಗೆ ಸೇರಿದ್ದ. ಜೊತೆಯವರ ಗುಡ್ಡೆಗಳೆಲ್ಲ ಹಬೆಯಾಡಿ ಪಾಸಾದವು. ಇವನದು ಮಾತ್ರ ನಿನ್ನೆಯ ಚಹಾದಂತೆ ತಣ್ಣಗೆ, ಗಬ್ಬು ನಾರುತ್ತ ಬಿದ್ದಿತ್ತು. ಅದೂ ಹೆಂಡತಿ ಗ್ಲೆನಿಸ್ ಬಟ್ಟೆ ಒಣಹಾಕುವ ತಂತಿಯ ಕೆಳಗೇ.

ಮಗಳ ಮನೆಯಲ್ಲಿ ಕೆಲವು ವಾರ ಇದ್ದು ಗಂಡ ಹೆಂಡತಿ ಹಿಂದಿನ ರಾತ್ರಿಯಷ್ಟೇ ಮರಳಿದ್ದರು. ಬೆಳಗಿನ ತಿಂಡಿಯ ಹೊತ್ತಿಗೇ ಗ್ಲೆನಿಸ್ ತೀರ್ಪು ಕೊಟ್ಟಳು.

"ಇವತ್ತು ನಿನ್ನ ಟೀಚರ್ ಹಿಲರಿ ಬಂದು ಪಾಸು ಅಂದ್ರೆ ಇರ್ಲಿ. ಇಲ್ಲಾಂದ್ರೆ ಸಂಜೆ ಒಳಗೆ ಆ ಹೊಲಸು ಖಾಲಿ ಆಗ್ಬೇಕು."

ನೆವಿಲ್ ಅಳುಕುತ್ತಲೇ ಹಿತ್ತಲಿಗೆ ಹೋದ. ನೋಡಿದರೆ, ಮೊಣಕಾಲೆತ್ತರದ ಗುಡ್ಡೆ ಎದೆಮಟ್ಟ ಬೆಳೆದಿದೆ! ಕೈ ತೂರಿಸಿದರೆ ಹದವಾದ ಬಿಸಿ. ನಾತ ಮಂಗಮಾಯ. ಗುಡ್ಡೆಯ ನೆತ್ತಿಯ ಮೇಲೆ, ಊರಿನ ತೋಟಗಳನ್ನೆಲ್ಲ ಕೆದರಿ ಹಾಳುಮಾಡುವ ಆ ಕೆಂಪು ತಲೆಯ ಕಾಡುಟರ್ಕಿ ಹಕ್ಕಿ ಯಜಮಾನನಂತೆ ನಿಂತಿತ್ತು. ನೆವಿಲ್ ಪೊರಕೆ ಬೀಸಿ ಅದನ್ನು ಓಡಿಸಿದ.

"ಏನಯ್ಯಾ ನೆವ್," ಪಕ್ಕದ ಮನೆಯ ಸ್ಟಾವ್ರೋಸ್ ಬೇಲಿಯ ಮೇಲೆ ತಲೆ ಹಾಕಿದ. "ನನ್ನ ನಿಂಬೆ ಗಿಡದ ಬುಡಕ್ಕೆ ಹಾಸಿದ್ದ ಕಬ್ಬಿನ ತರಗೆಲ್ಲ ನಿನ್ನ ಗುಡ್ಡೇಲಿ ಕೂತಿದೆ. ಆ ಟರ್ಕಿ ಎಳ್ಕೊಂಡು ಬಂದದ್ದು. ವಾಪಸ್ ಕೊಡು."

"ಮೆತ್ತಗೆ ಮಾತಾಡೋ ಮಾರಾಯ! ಟೀಚರ್ ಬರೋ ಹೊತ್ತು. ಸಂಜೆ ಕೊಡ್ತೀನಿ."

ಅಷ್ಟರಲ್ಲಿ ಹಿಲರಿ ಬಂದೇಬಿಟ್ಟಳು. ಉದ್ದನೆಯ ಥರ್ಮಾಮೀಟರನ್ನು ಅಲ್ಲಿ ಚುಚ್ಚಿದಳು, ಇಲ್ಲಿ ಚುಚ್ಚಿದಳು, ಹುಬ್ಬೇರಿಸಿದಳು.

"ಎಲ್ಲಿ ಚುಚ್ಚಿದ್ರೂ ಒಂದೇ ಹದ! ಇಷ್ಟು ಚೆನ್ನಾಗಿ ಮಗುಚಿದ್ದು ಯಾರು?"

"ನಾನೇ!" ನೆವಿಲ್ ಎದೆಯುಬ್ಬಿಸಿದ. ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಿದ್ದ ಗ್ಲೆನಿಸ್ ಕಣ್ಣು ಕಣ್ಣು ಬಿಟ್ಟಳು. "ದಿನಾ ಬುಡದ ತನಕ ಅಗೆದು, ಒಂದು ಮೂಲೇನೂ ಬಿಡ್ದೆ, ಈ ಕೈಯಿಂದ್ಲೇ!"

"ನೋಡ್ಕೊಂಡು ಹೇಳಯ್ಯಾ," ಎಂದ ಸ್ಟಾವ್ರೋಸ್. ಅವನು ನಲವತ್ತು ವರ್ಷದಿಂದ ಆ ಬೀದಿಯಲ್ಲಿರುವವನು.

"ನೋಡ್ಕೊಂಡೇ ಹೇಳ್ತಿದೀನಿ. ಬೇಕಾದ್ರೆ ನೀನೇ ಸಾಕ್ಷಿ!"

ಹಿಲರಿ ಮೆಚ್ಚಿ ತಲೆದೂಗಿ, ಒಂದು ಹಿಡಿ ಗೊಬ್ಬರಕ್ಕೆಂದು ಗುಡ್ಡೆಯೊಳಗೆ ಕೈ ಹಾಕಿದವಳು ಹಾಗೇ ನಿಂತಳು. ಮೆಲ್ಲಗೆ ಎಲೆ ಸರಿಸಿದಳು. ಒಳಗೆ ಮುಷ್ಟಿಗಾತ್ರದ ಬಿಳಿ ಮೊಟ್ಟೆ.

"ಇದು ಟರ್ಕಿ ಗೂಡು," ಎಂದಳು, ಸ್ವರ ಬದಲಿಸಿ. "ಗಂಡು ಹಕ್ಕಿ ತರಗು ಗುಡ್ಡೆ ಹಾಕಿ, ಅದರ ಕಾವಲ್ಲೇ ಮೊಟ್ಟೆ ಮರಿಮಾಡ್ಸತ್ತೆ. ಮೊಟ್ಟೆ ಇರೋ ಗೂಡನ್ನ ಕದಲಿಸೋದು ಕಾನೂನು ಪ್ರಕಾರ ಅಪರಾಧ. ನೀವು ದಿನಾ ಬುಡದ ತನಕ ಅಗೆದೆ ಅಂದ್ರಲ್ಲ?"

ನೆವಿಲ್‌ನ ಎರಡೂ ಕೈ ಮೇಲೆದ್ದವು. "ಅಯ್ಯಯ್ಯೋ, ನಾನು ಮುಟ್ಟೇ ಇಲ್ಲ! ಮಗಳ ಮನೇಲಿದ್ದೆ! ನಂಗೆ ಗೊಬ್ಬರ ಮಾಡೋಕೇ ಬರಲ್ಲ, ದೇವರಾಣೆ!"

"ಅದಕ್ಕೆ ನಾನು ಸಾಕ್ಷಿ," ಎಂದ ಸ್ಟಾವ್ರೋಸ್. "ಇವನಿಗೆ ಏನೂ ಬರಲ್ಲ."

"ಹಾಗಾದ್ರೆ ಫೇಲು ತಾನೇ?" ಗ್ಲೆನಿಸ್ ಸೊಂಟದ ಮೇಲೆ ಕೈಯಿಟ್ಟಳು. "ಸಂಜೆ ಒಳಗೆ ಖಾಲಿ ಮಾಡು."

"ಫೇಲು ಹೌದು," ಎಂದಳು ಹಿಲರಿ. "ಆದ್ರೆ ಮರಿಗಳೆಲ್ಲ ಹೊರಗೆ ಬರೋ ತನಕ ಒಂದು ಎಲೇನೂ ಅಲ್ಲಾಡಿಸೋ ಹಾಗಿಲ್ಲ."

ಗ್ಲೆನಿಸ್ ಒದ್ದೆ ಬಟ್ಟೆಯ ಬುಟ್ಟಿಯನ್ನು ಗಂಡನ ಕೈಗೆ ತುರುಕಿ ಒಳಗೆ ಹೋದಳು. ಪಾಪ, ನೆವಿಲ್ ಅದನ್ನೆಲ್ಲ ಬೇಲಿಯ ಮೇಲೆ ಹರವಿ, ಅಂಗಡಿಗೆ ಹೋಗಿ ಒಂದು ಮೂಟೆ ಗೊಬ್ಬರ ಕೊಂಡು ತಂದ. ಸಂಜೆ ಅದನ್ನು ಟೊಮೇಟೊ ಸಸಿಗಳ ಬುಡಕ್ಕೆ ಹಾಕಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಟರ್ಕಿ ಗತ್ತಿನಿಂದ ನಡೆದು ಬಂತು. ಬೆನ್ನು ತಿರುಗಿಸಿ, ಗೊಬ್ಬರವನ್ನು ಕಾಲಿನಿಂದ ಹಿಂದಕ್ಕೆ, ತನ್ನ ಗುಡ್ಡೆಯ ಕಡೆಗೆ ಎರಚತೊಡಗಿತು.

ನೆವಿಲ್ ಪೊರಕೆ ಎತ್ತಿದ.

"ಊಹೂಂ," ಎಂದಿತು ಬೇಲಿಯಾಚೆಯ ದನಿ. "ಬಾಣಂತಿ ಮನೆ ಯಜಮಾನ ಅದು."

ಅಂಗಡಿಯ ಗೊಬ್ಬರ ಒಳ್ಳೆಯದೇ ಇತ್ತೆಂದು ಕಾಣುತ್ತದೆ. ಹಕ್ಕಿ ಒಂದು ಚೂರೂ ಬಿಡಲಿಲ್ಲ.